ಒಂದು ಹೆಜ್ಜೆಯ ಬೆಳಕು

ಕನ್ನಡ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತು ಬೆಳೆದ ನಮ್ಮಂಥವರನ್ನು ‘ಕರುಣಾಳು ಬಾ ಬೆಳಕೆ’ ಯಾರು ಬರೆದದ್ದು ಎಂದು ಕೇಳಿದರೆ, ಬಿ.ಎಂ.ಶ್ರೀ. ಎಂಬ ಉತ್ತರ ತಟ್ಟನೆ ಬರುತ್ತದೆ. ಅದು ಇಂಗ್ಲಿಷಿನಿಂದ ಬಂದದ್ದು ಎಂಬುದು ಕೆಲವರಿಗೆ ನೆನಪಿರುತ್ತದೆ. ಕ್ರೈಸ್ತ ಪಾದ್ರಿಯೊಬ್ಬರ ಪ್ರಾರ್ಥನೆ ಎಂಬುದು ಇನ್ನೂ ಕಡಿಮೆ ಜನಕ್ಕೆ. ಶಾಲೆಯಲ್ಲಿ, ಮಹಿಳಾ ಸಮಾಜದ ಸಭೆಯಲ್ಲಿ, ಶ್ರದ್ಧಾಂಜಲಿಯಲ್ಲಿ, ನವರಾತ್ರಿಯ ಭಜನೆಯಲ್ಲಿ ದಾಸರ ಪದಗಳ ನಡುವೆ, ಎಲ್ಲ ಕಡೆಯೂ ಈ ಹಾಡು ಹೊಂದಿಕೊಂಡು ಹೋಗುತ್ತದೆ. ಹೀಗೆ ಹೊಂದಿಕೊಂಡು ಹೋಗುವ ಹಾಡುಗಳ ಮೇಲೆ ನನಗೆ ಅಕ್ಕರೆ. ಜೊತೆಗೆ ಒಂದಿಷ್ಟು ಕಳವಳವೂ ಇದೆ. ಹೊಂದಿಕೊಂಡು ಹೋಗುವ ಸೊಸೆಯನ್ನು ನಿನ್ನ ಮನಸ್ಸಿನಲ್ಲೇನಿದೆ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆಯೇ ಇಂಥ ಹಾಡುಗಳನ್ನೂ ಯಾರೂ ಕೇಳುವುದಿಲ್ಲ.

ಮೂಲ ಕವಿತೆ ಬರೆದವರು ಜಾನ್ ಹೆನ್ರಿ ನ್ಯೂಮನ್. 1801ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಅಲ್ಲಿಯೇ ಆಂಗ್ಲಿಕನ್ ಸಭೆಯ ಪಾದ್ರಿಯಾಗಿದ್ದರು. 1832ರ ಡಿಸೆಂಬರಿನಲ್ಲಿ ಗೆಳೆಯ ಹರೆಲ್ ಫ್ರೌಡ್ ಮತ್ತು ಅವನ ತಂದೆಯ ಜೊತೆ ಮೆಡಿಟರೇನಿಯನ್ ಕಡೆಗೆ ಪ್ರವಾಸ ಹೊರಟರು. ಮರುವರ್ಷ ಅವರಿಬ್ಬರೂ ರೋಮಿನಿಂದ ಊರ ಕಡೆ ತಿರುಗಿದಾಗ ನ್ಯೂಮನ್ ಒಬ್ಬರೇ ಸಿಸಿಲಿ ದ್ವೀಪವನ್ನು ಇನ್ನೊಮ್ಮೆ ನೋಡುವ ಆಸೆಯಿಂದ ಹಿಂದಕ್ಕೆ ಹೋದರು. ಅಲ್ಲಿ ವಿಷಮ ಜ್ವರ ಹಿಡಿಯಿತು. ಪರದೇಶ, ಪರಭಾಷೆ, ಬದುಕುವ ಭರವಸೆ ಇಲ್ಲ. ನೇಪಲ್ಸಿನ ಜೆನ್ನಾರೊ ಎಂಬ ಆಳು ಹಗಲಿರುಳು ಆರೈಕೆ ಮಾಡಿ ಉಳಿಸಿಕೊಂಡ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ನ್ಯೂಮನ್ ಹಾಸಿಗೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರಂತೆ. ಏನಾಯಿತೆಂದು ಜೆನ್ನಾರೊ ಕೇಳಿದ್ದಕ್ಕೆ, ಇಂಗ್ಲೆಂಡಿನಲ್ಲಿ ತನಗೊಂದು ಕೆಲಸ ಕಾದಿದೆ ಎಂದಷ್ಟೇ ಹೇಳಲು ಅವರಿಗೆ ಸಾಧ್ಯವಾಯಿತು. ಇದನ್ನು ಅವರೇ ಮುಂದೆ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ.

ಊರಿಗೆ ಮರಳುವ ಆತುರ ಇಷ್ಟಿದ್ದರೂ ಪಲೆರ್ಮೊ ಬಂದರಿನಲ್ಲಿ ಮೂರು ವಾರ ಹಡಗಿಗಾಗಿ ಕಾಯಬೇಕಾಯಿತು. ಕೊನೆಗೆ ಸಿಕ್ಕಿದ್ದು ಫ್ರಾನ್ಸಿನ ಮಾರ್ಸೇಲ್ಸಿಗೆ ಹೊರಟ, ಕಿತ್ತಳೆ ಹಣ್ಣು ಹೇರಿದ ಒಂದು ಹಾಯಿಹಡಗು. ಅದೂ ಕಾರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ನಡುವಿನ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಒಂದು ವಾರ ನಿಂತುಬಿಟ್ಟಿತು. ಕವಿತೆ ಹುಟ್ಟಿದ್ದು ಆ ಪಯಣದಲ್ಲಿ, 1833ರ ಜೂನ್ 16ರಂದು. ಬರೆದವರಿಗೆ ಆಗ ಮೂವತ್ತೆರಡು ವರ್ಷ.

ಈ ಹಿನ್ನೆಲೆ ತಿಳಿದ ಮೇಲೆ ಹಾಡಿನ ಮಬ್ಬು, ಇರುಳು, ದೂರದ ಮನೆ ಬರಿಯ ಅಲಂಕಾರಗಳೆನಿಸುವುದಿಲ್ಲ. ಮೂರು ಚರಣಗಳಲ್ಲಿ ಮೊದಲನೆಯದು ಈಗಿನ ಕತ್ತಲೆಯನ್ನು ಹೇಳಿ, ಕಣ್ಣಿಗೆ ದೂರದ ನೋಟ ಬೇಡ, ಮುಂದಿನ ಕಾಲೂರಲು ಜಾಗ ಕಂಡರಾಯಿತು ಎಂದು ಬೇಡುತ್ತದೆ. ಎರಡನೆಯದು ಹಿಂದೆ ತಿರುಗಿ, ತನ್ನ ದಾರಿಯನ್ನು ತಾನೇ ಆರಿಸುವ ಹಮ್ಮಿನಲ್ಲಿ ಕಳೆದ ದಿನಗಳನ್ನು ಒಪ್ಪಿಕೊಳ್ಳುತ್ತದೆ. ಮೂರನೆಯದು ಬೆಳಗಿನ ನಂಬಿಕೆ. ಇರುಳು ಕಳೆದಾಗ, ಒಮ್ಮೆ ಪ್ರೀತಿಸಿ ಕಳೆದುಕೊಂಡ ಮುಖಗಳು ಮತ್ತೆ ನಗುವುವೆಂಬ ಆಸೆ. ಆ ಮುಖಗಳು ಯಾರವು? 1879ರಲ್ಲಿ ಒಬ್ಬರು ಪತ್ರ ಬರೆದು ಕೇಳಿದಾಗ, ಅಷ್ಟು ವರ್ಷಗಳ ಹಿಂದಿನ ಮನಃಸ್ಥಿತಿಗೆ ಈಗ ಅರ್ಥ ಹೇಳುವ ಹೊಣೆ ತನಗಿಲ್ಲವೆಂದು ನ್ಯೂಮನ್ ಜಾರಿಕೊಂಡರು. ಒಳ್ಳೆಯದೇ ಆಯಿತು. ಅವರು ಹೆಸರು ಹೇಳಿಬಿಟ್ಟಿದ್ದರೆ ನಮ್ಮ ನಮ್ಮ ತಾಯಂದಿರ ಮುಖಕ್ಕೆ ಅಲ್ಲಿ ಜಾಗವಿರುತ್ತಿರಲಿಲ್ಲ.

ಇನ್ನೊಂದು ಸಂಗತಿ. ಈ ಮೂರು ಚರಣಗಳಲ್ಲಿ ಕ್ರಿಸ್ತನ ಹೆಸರಿಲ್ಲ, ದೇವರೆಂಬ ಶಬ್ದವೂ ಇಲ್ಲ. ಇರುವುದು ಬೆಳಕು ಮಾತ್ರ. ‘ಮೇಘಸ್ತಂಭ’ ಎಂಬರ್ಥದ ಶೀರ್ಷಿಕೆ ಮಾತ್ರ ಬೈಬಲಿನ ಕಥೆಯೊಂದನ್ನು ನೆನಪಿಸುತ್ತದೆ. ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರೇಲರಿಗೆ ಹಗಲಲ್ಲಿ ಮೋಡದ ಕಂಬವಾಗಿ, ಇರುಳಲ್ಲಿ ಬೆಂಕಿಯ ಕಂಬವಾಗಿ ದೇವರು ದಾರಿ ತೋರಿದ ಕಥೆ ಅದು. ಹಾಡುವವರು ಶೀರ್ಷಿಕೆಯನ್ನು ಹಾಡುವುದಿಲ್ಲ. ಹೀಗಾಗಿ ಹಾಡು ಎಲ್ಲರ ಬಾಯಿಗೂ ಒದಗಿತು.

1834ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಈ ಕವಿತೆ ಮನೆಮಾತಾಗಲು ಒಂದು ರಾಗ ಬೇಕಾಯಿತು. ಡರ್ಹಮ್ ಊರಿನ ಪಾದ್ರಿ ಜಾನ್ ಬ್ಯಾಕಸ್ ಡೈಕ್ಸ್ 1865ರಲ್ಲಿ ಅದಕ್ಕೆ ರಾಗ ಕಟ್ಟಿದರು. ಜನ ಮೆಚ್ಚಿದ್ದು ತನ್ನ ಮಾತನ್ನಲ್ಲ, ಡೈಕ್ಸರ ರಾಗವನ್ನು ಎಂದು ನ್ಯೂಮನ್ನರೇ ಹೇಳುತ್ತಿದ್ದರಂತೆ. ಅದೇ ಡರ್ಹಮ್ ಸೀಮೆಯ ವೆಸ್ಟ್ ಸ್ಟಾನ್ಲಿ ಕಲ್ಲಿದ್ದಲ ಗಣಿಯಲ್ಲಿ 1909ರ ಫೆಬ್ರವರಿ 16ರಂದು ಸ್ಫೋಟವಾಗಿ 168 ಜನ ಸತ್ತರು. ನೆಲದಡಿಯಲ್ಲಿ ಒಳ್ಳೆಯ ಗಾಳಿ ಉಳಿದಿದ್ದ ಒಂದು ಮೂಲೆಯಲ್ಲಿ ಸಿಕ್ಕಿಕೊಂಡ ಕೆಲವು ಗಂಡಸರು, ಹುಡುಗರು ಕಗ್ಗತ್ತಲೆಯಲ್ಲಿ ಕೂತಿದ್ದಾಗ ಒಬ್ಬ ಈ ಹಾಡನ್ನು ಗುನುಗಿದ, ಉಳಿದವರು ದನಿಗೂಡಿಸಿದರು. ಹಾಡು ಮುಗಿಯುವ ಮೊದಲೇ ಗಾಯಗೊಂಡಿದ್ದ ಒಬ್ಬ ಹುಡುಗ ಕಣ್ಣುಮುಚ್ಚಿದ. ಸುಮಾರು ಹದಿನಾಲ್ಕು ಗಂಟೆಗಳ ಮೇಲೆ ಉಳಿದವರನ್ನು ಹೊರತೆಗೆದರು.

ಅದಕ್ಕೂ ಒಂದು ವರ್ಷ ಮೊದಲು, 1908ರ ಫೆಬ್ರವರಿ 10ರಂದು, ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ ಗಾಂಧಿಯವರ ಮೇಲೆ ಹಲ್ಲೆಯಾಯಿತು. ಸರಕಾರದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಹೆಸರು ನೋಂದಾಯಿಸಲು ಹೊರಟಿದ್ದ ಅವರನ್ನು, ಆ ಒಪ್ಪಂದ ಒಪ್ಪದ ತಮ್ಮವರೇ ದಾರಿಯಲ್ಲಿ ಹೊಡೆದು ಕೆಡವಿದ್ದರು. ಜೋಸೆಫ್ ಡೋಕ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ತಮ್ಮ ಮನೆಗೆ ಕರೆದೊಯ್ದು ಆರೈಕೆ ಮಾಡಿದರು. ತುಟಿಗೆ ಹೊಲಿಗೆ ಬಿದ್ದಿತ್ತು, ಮಾತಾಡುವಂತಿರಲಿಲ್ಲ. ಆಗ ಗಾಂಧಿಯವರು ಬಯಸಿದ್ದು ಡೋಕ್ ಅವರ ಪುಟ್ಟ ಮಗಳು ಆಲಿವ್ ಈ ಹಾಡನ್ನು ಹಾಡಬೇಕೆಂದು. ಮುಂದೆ ನರಸಿಂಹರಾವ್ ದಿವೇಟಿಯಾ ಅವರ ಗುಜರಾತಿ ಅನುವಾದ ಆಶ್ರಮದ ಭಜನಾವಳಿಯನ್ನು ಸೇರಿತು. ಕವಿತೆಯ ಬೆಳಕು ಆಕಾಶದ್ದಿರಬಹುದು. ಅದರ ಕಥೆಯಲ್ಲಿ ಮಾತ್ರ ಬೆಳಕು ಯಾವಾಗಲೂ ಯಾರದೋ ಕೈಯಿಂದ, ಯಾರದೋ ಕೊರಳಿನಿಂದಲೇ ಬಂದಿದೆ. ಒಮ್ಮೆ ಆಳು, ಒಮ್ಮೆ ಗಣಿಯ ಕೂಲಿ, ಒಮ್ಮೆ ಲಂಗ ತೊಟ್ಟ ಹುಡುಗಿ.

ಕನ್ನಡಕ್ಕೆ ಈ ಹಾಡು ಬಂದ ದಾರಿ ಬೇರೆ. ಕವಿತೆ ಅಚ್ಚಾದ 1834ರಲ್ಲೇ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು. ಅವರಿಂದ ಕನ್ನಡಕ್ಕೆ ಕಿಟೆಲ್ಲರ ನಿಘಂಟು ಬಂತು, ಚರ್ಚಿನಲ್ಲಿ ಹಾಡುವ ಸಂಗೀತಗಳೂ ಬಂದವು. ಆದರೆ ನಾವು ಶಾಲೆಯಲ್ಲಿ ಹಾಡಿದ ಈ ಗೀತೆ ಬಂದದ್ದು ಮೈಸೂರಿನ ಕಾಲೇಜಿನ ಇಂಗ್ಲಿಷ್ ಮೇಷ್ಟರೊಬ್ಬರಿಂದ. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆ ಯಾವುದೆಂದು ಭಾಷಣ ಮಾಡಿದ ಶ್ರೀಕಂಠಯ್ಯನವರು ತಾವೇ ಆ ಬಗೆಯನ್ನು ಮಾಡಿ ತೋರಿಸಿದ್ದು 1926ರಲ್ಲಿ ಬಂದ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ. ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಹೊಂದಿಸಲೇಬೇಕೆಂಬ ಹಳೆಯ ಕಟ್ಟನ್ನು ಸಡಿಲಿಸಿ, ಮಾತ್ರೆಗಳ ಗಣಗಳನ್ನು ಹೊಸದಾಗಿ ಜೋಡಿಸಿ, ಮುಂದಿನ ಭಾವಗೀತೆಗಳಿಗೆ ಅವರು ಹಾದಿ ಮಾಡಿದರು. ಈ ಹಾಡು ಐದೈದು ಮಾತ್ರೆಗಳ ನಡಿಗೆಯದು. ಬಾಯಿಬಿಟ್ಟು ಹೇಳಿಕೊಂಡರೆ, ಕತ್ತಲೆಯಲ್ಲಿ ತಡವರಿಸಿ ಕಾಲಿಡುವವರ ಹಾಗೆ ಒಂದು ಗಣ ಮುಂದಿಟ್ಟು, ನಿಂತು, ಇನ್ನೊಂದು ಗಣ ಇಡುತ್ತದೆ.

ಅನುವಾದದಲ್ಲಿ ನನಗೆ ತುಂಬ ಮುಖ್ಯವೆನಿಸುವುದು ‘ಬಾ’ ಎಂಬ ಒಂದಕ್ಷರ. ಇಂಗ್ಲಿಷಿನ ಮೊದಲ ಮಾತು ‘ನಡೆಸು’ ಎಂಬ ಅರ್ಥದ್ದು. ಅಲ್ಲಿ ಬೆಳಕು ಆಗಲೇ ಎದುರಿಗಿದೆ, ಮುಂದೆ ಹೋಗು ನಾನು ಹಿಂಬಾಲಿಸುತ್ತೇನೆ ಎನ್ನುವ ಧಾಟಿ. ಕನ್ನಡದಲ್ಲೂ ನಡೆಸೆಂಬ ಬೇಡಿಕೆ ಇದೆ. ಆದರೆ ಅದಕ್ಕೂ ಮೊದಲು ಕರೆಯಿದೆ. ದೇವರನ್ನು ಬಾ ಎಂದು ಮನೆಗೆ ಕರೆಯುವುದು ನಮ್ಮ ದಾಸರ ಪದಗಳ, ಹೆಂಗಸರ ಸಂಪ್ರದಾಯದ ಹಾಡುಗಳ ರೂಢಿ. ‘ಕರುಣಾಳು’ ಎಂಬ ಮಾತೂ ಹಾಗೆಯೇ, ನಾವು ದೇವರಿಗೋ ದೊಡ್ಡ ಮನಸ್ಸಿನವರಿಗೋ ಹೇಳುವ ಮಾತು. ಮೂಲದ ದೇವದೂತರು ಎಂಬ ಶಬ್ದ ಕನ್ನಡಕ್ಕೆ ಬರುವಾಗ ಬಿಟ್ಟುಹೋಯಿತು, ಕರೆಯುವ ದನಿ ಸೇರಿಕೊಂಡಿತು. ಈ ಕೊಡುಕೊಳ್ಳುವಿಕೆಯಿಂದಲೇ ಅದು ತರ್ಜುಮೆಯೆಂದು ಯಾರಿಗೂ ಅನಿಸಲಿಲ್ಲ. ಗುರುರಾಜ ಕರಜಗಿಯವರು ತಮ್ಮ ಜನಪ್ರಿಯ ಅಂಕಣಕ್ಕೆ, ಪುಸ್ತಕಮಾಲೆಗೆ ‘ಕರುಣಾಳು ಬಾ ಬೆಳಕು’ ಎಂದು ಹೆಸರಿಟ್ಟಾಗ ಓದುಗರಿಗೆ ವಿವರಣೆ ಬೇಕಾಗಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ತಕರಾರಿಗೆ ಬರುತ್ತೇನೆ. ತಕರಾರು ಹಾಡಿನ ಮೇಲಲ್ಲ, ಅದನ್ನು ನಮ್ಮ ಮೇಲೆ ಬಳಸುವ ರೀತಿಯ ಮೇಲೆ. ನಾನು ಪಿ.ಯು.ಸಿ. ಮುಗಿಸಿ, ಮುಂದೆ ಓದಲು ಬೇರೆ ಊರಿಗೆ ಹೋಗುತ್ತೇನೆಂದಾಗ ಮನೆಯ ಹಿರಿಯರೊಬ್ಬರು ನಗುತ್ತಲೇ ಈ ಹಾಡನ್ನು ನೆನಪಿಸಿದರು. ದೂರದ್ದನ್ನೆಲ್ಲ ಕೇಳಬಾರದು, ಕಾಲ ಬುಡದ್ದು ಕಂಡರೆ ಸಾಕು ಅಂತ ದಿನಾ ಹಾಡ್ತೀಯಲ್ಲಮ್ಮ, ಎಂದರು. ಅವರು ಕೆಟ್ಟವರಲ್ಲ. ಹಾಡು ಅವರ ಕೈಗೆ ಅಷ್ಟು ಸುಲಭವಾಗಿ ಸಿಕ್ಕಿತು, ಅಷ್ಟೆ.

ಎರಡನೆಯ ಚರಣದ ಬಗ್ಗೆ ನನ್ನ ಸೋದರತ್ತೆಯ ವಿಮರ್ಶೆ ಇನ್ನೂ ನೇರವಾದದ್ದು. ಭಜನೆಯಲ್ಲಿ ಆಕೆ ಆ ಚರಣ ಬಂದಾಗ ಬಾಯಿ ಮುಚ್ಚಿ ತಾಳ ಮಾತ್ರ ಹಾಕುತ್ತಿದ್ದಳು. ಯಾಕತ್ತೆ ಎಂದು ಕೇಳಿದರೆ, “ಅದು ಗಂಡಸರ ಚರಣ ಕಣೇ. ನಾವೆಲ್ಲಿ ನಮ್ಮ ದಾರಿ ನಾವು ಆರಿಸ್ಕೊಂಡಿದ್ವಿ, ಈಗ ಅದು ತಪ್ಪಾಯ್ತು ಅನ್ನೋಕೆ?” ಎಂದಳು. ಹದಿನಾರಕ್ಕೆ ಮದುವೆಯಾಗಿ, ಬಂಡಿ ಹತ್ತಿಸಿದ ಕಡೆಗೆ ಹೋದವಳು. ಹಮ್ಮು ಪಡಲು ಆಕೆಗೆ ಒಂದು ದಾರಿಯನ್ನೇ ಯಾರೂ ಕೊಟ್ಟಿರಲಿಲ್ಲ. ಇನ್ನು ದೂರದ ಮನೆ ಎಂದರೆ ಆಕೆಗೆ ಯಾವುದು? ಬಿಟ್ಟು ಬಂದ ತವರೋ, ತನ್ನದೆಂದು ಇನ್ನೂ ಹೇಳಿಕೊಳ್ಳಲಾಗದ ಗಂಡನ ಮನೆಯೋ? ನ್ಯೂಮನ್ನರಿಗೆ ಮನೆ ಯಾವ ದಿಕ್ಕಿಗಿದೆಯೆಂದು ಗೊತ್ತಿತ್ತು, ಗಾಳಿಯೊಂದು ಬೀಸಬೇಕಿತ್ತು.

ಅತ್ತೆಯ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೆ ಕವಿಯ ಬದುಕನ್ನು ಮುಂದಕ್ಕೆ ಓದಿದರೆ, ಆ ಹಿರಿಯರು ಹೇಳಿದ ಅರ್ಥ ನಿಲ್ಲುವುದಿಲ್ಲ. 1833ರ ಜುಲೈಯಲ್ಲಿ ಊರು ಸೇರಿದ ನ್ಯೂಮನ್ ಕೈಕಟ್ಟಿ ಕೂರಲಿಲ್ಲ. ತಮ್ಮ ಸಭೆಯನ್ನು ಒಳಗಿನಿಂದ ತಿದ್ದಲು ಹೊರಟ ಆಕ್ಸ್‌ಫರ್ಡ್ ಚಳವಳಿಯ ಮುಂಚೂಣಿಗೆ ಬಂದರು. ಹುಡುಕುತ್ತ ಹುಡುಕುತ್ತ 1845ರ ಅಕ್ಟೋಬರ್ 9ರಂದು ಆ ಸಭೆಯನ್ನೇ ಬಿಟ್ಟು ರೋಮನ್ ಕ್ಯಾಥೊಲಿಕರಾದರು. ಅಂದಿನ ಇಂಗ್ಲೆಂಡಿನಲ್ಲಿ ಅದು ಸಣ್ಣ ಹೆಜ್ಜೆಯಲ್ಲ. ಆಕ್ಸ್‌ಫರ್ಡ್ ಹೋಯಿತು, ಗೆಳೆಯರು ಹೋದರು, ತಂಗಿ ಹ್ಯಾರಿಯೆಟ್ ಸಾಯುವವರೆಗೂ ದೂರವೇ ಉಳಿದಳು. 1879ರಲ್ಲಿ ಕಾರ್ಡಿನಲ್ ಪದವಿ ಬಂದದ್ದು, 2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದ್ದು ಆಮೇಲಿನ ಮಾತು. ಆ ಹೆಜ್ಜೆ ಎತ್ತುವಾಗ ಅವರ ಜೊತೆಗಿದ್ದವರು ಕಡಿಮೆ.

ಅಂದಮೇಲೆ ಒಂದು ಹೆಜ್ಜೆ ಸಾಲುತ್ತದೆ ಎಂಬುದು ನಡೆಯುವವರ ಲೆಕ್ಕ, ಕೂರಿಸುವವರ ಲೆಕ್ಕವಲ್ಲ. ಇಡೀ ದಾರಿ ಕಾಣುವ ತನಕ ಹೊರಡುವುದಿಲ್ಲ ಎನ್ನುವ ಭಯಕ್ಕೆ ಅದು ಉತ್ತರ. ಹೊರಡಲೇಬೇಡ ಎನ್ನುವವರಿಗೆ ಅದರಲ್ಲಿ ಆಧಾರವಿಲ್ಲ. ಗಾಂಧಿಯವರೂ ಅದನ್ನು ಹಾಗೆಯೇ ಓದಿಕೊಂಡಿರಬೇಕು. ಮುಂದಿನದು ಸ್ಪಷ್ಟವಿಲ್ಲದಿದ್ದಾಗಲೂ ಹೊರಟು ನಿಂತವರು ಅವರು. ಎರಡನೆಯ ಚರಣದ ಪಶ್ಚಾತ್ತಾಪವೂ ಹಮ್ಮಿನ ಕುರಿತದ್ದು, ನಡಿಗೆಯ ಕುರಿತದ್ದಲ್ಲ. ಆ ಚರಣ ಹಾಡಿದವರು ನಡೆಯುವುದನ್ನು ನಿಲ್ಲಿಸಲಿಲ್ಲವಲ್ಲ!

ಆದ್ದರಿಂದ ನಮ್ಮ ಹೆಣ್ಣುಮಕ್ಕಳಿಗೆ ಈ ಹಾಡನ್ನು ಕಲಿಸುವಾಗ ಅದರ ಹುಟ್ಟನ್ನೂ ಹೇಳಿಕೊಡಬೇಕೆಂದು ನನಗೆ ಅನಿಸುತ್ತದೆ. ಗಾಳಿಯಿಲ್ಲದೆ ನಿಂತ ಹಡಗು, ಊರಿನಲ್ಲಿ ಕಾದಿರುವ ಕೆಲಸ, ಹೊರಡುವ ತವಕ, ಇವು ಗೊತ್ತಿದ್ದ ಹುಡುಗಿಯನ್ನು ಅದೇ ಹಾಡು ತೋರಿಸಿ ಯಾರೂ ಮನೆಯಲ್ಲಿ ಕೂರಿಸಲಾರರು. ಪರೀಕ್ಷೆಯ ಅರ್ಜಿ ತುಂಬುವವಳಿಗೆ, ಮೊದಲ ಕೆಲಸಕ್ಕೆ ರಾತ್ರಿ ಬಸ್ಸು ಹತ್ತುವವಳಿಗೆ, ಐವತ್ತರ ಮೇಲೆ ಹೊಸದೇನನ್ನೋ ಕಲಿಯಲು ಹೊರಟವಳಿಗೆ ಕೊನೆಯ ನಿಲ್ದಾಣ ಕಾಣಬೇಕಾಗಿಲ್ಲ. ಬಾಗಿಲಿನ ಮೆಟ್ಟಿಲು ಕಂಡರೆ ಸಾಕು, ಇಳಿಯುತ್ತಾಳೆ.