ಪ್ಲವಕ: ಪದ ಸರಿ, ವ್ಯಾಖ್ಯೆ?

ಕಲಬುರಗಿಯ ಅಪ್ಪನ ಕೆರೆಯಂಥ ಯಾವುದೇ ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆಗಳಂಥವು ಕುಪ್ಪಳಿಸುತ್ತಿದ್ದರೆ ಅವು ಸೈಕ್ಲಾಪ್ಸ್ ಅಥವಾ ಡಾಫ್ನಿಯ ಇರಬಹುದು. ಇವು ಪ್ಲವಕಗಳೇ ಎಂದು ವಿದ್ಯಾರ್ಥಿಗಳನ್ನು ಕೇಳಿ. 'ಅಲ್ಲ, ಪ್ಲವಕ ಬರಿಗಣ್ಣಿಗೆ ಕಾಣುವುದಿಲ್ಲ' ಎಂದೋ, 'ಪ್ಲವಕ ಇರುವುದು ಸಮುದ್ರದಲ್ಲಿ' ಎಂದೋ ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಎರಡೂ ತಪ್ಪು. ಆದರೆ ತಪ್ಪು ಮಕ್ಕಳದಲ್ಲ. 'ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು' ಎಂದು ನಾವು ಬರೆಸುವ ವ್ಯಾಖ್ಯೆಯದು.

'ಪ್ಲಾಂಕ್ಟನ್' ಪದವನ್ನು 1887ರಲ್ಲಿ ಬಳಕೆಗೆ ತಂದವನು ಜರ್ಮನಿಯ ಕೀಲ್ ನಗರದ ವಿಕ್ಟರ್ ಹೆನ್ಸೆನ್. ಗ್ರೀಕ್ ಮೂಲದ ಅರ್ಥ 'ಅಲೆದಾಡುವ'. ಅದರಲ್ಲಿ ಗಾತ್ರದ ಮಾತೇ ಇಲ್ಲ. ಪ್ರವಾಹಕ್ಕೆದುರಾಗಿ ಈಜಲಾರದೆ ಅದರೊಡನೆ ಸಾಗುವ ಜೀವಿಯೆಲ್ಲ ಪ್ಲವಕವೇ. ಆದ್ದರಿಂದ ಒಂದು ಮೀಟರಿಗೂ ಮಿಕ್ಕಿ ಅಗಲವಾಗುವ ಜೆಲ್ಲಿ ಮೀನು ಪ್ಲವಕ. ಬೆರಳುದ್ದದ ಮೀನು ಅಲ್ಲ. ಈಜುವವಕ್ಕೆ 'ನೆಕ್ಟನ್', ತಳವಾಸಿಗಳಿಗೆ 'ಬೆಂಥಾಸ್' ಎಂಬ ಹೆಸರುಗಳನ್ನು ಅರ್ನ್‌ಸ್ಟ್ ಹೆಕೆಲ್ 1890ರಲ್ಲಿ ಕೊಟ್ಟ. ಹೆನ್ಸೆನ್‌ನ ಎಣಿಕೆಯ ವಿಧಾನವನ್ನು ಕಟುವಾಗಿ ಟೀಕಿಸಿದವನೂ ಅವನೇ.

ಗಾತ್ರದ ಗೊಂದಲಕ್ಕೆ ಬಲೆಯೂ ಕಾರಣವಿರಬೇಕು. ಹೆನ್ಸೆನ್ ಬಳಸಿದ್ದು ಗಿರಣಿಯವರು ಹಿಟ್ಟು ಜರಡಿ ಹಿಡಿಯುವ ರೇಷ್ಮೆ ಬಟ್ಟೆ. ಅದರ ಕಣ್ಣಿಗೆ ಸಿಕ್ಕಿದ್ದಷ್ಟೇ ಲೆಕ್ಕಕ್ಕೆ ಬಂತು. ಅದರಿಂದ ನುಸುಳಿಹೋಗುವ ಜೀವಿಗಳನ್ನು, ಒಂದು ಪುಟ್ಟ ಕಡಲಪ್ರಾಣಿ ತನ್ನ ಸುತ್ತ ಕಟ್ಟಿಕೊಳ್ಳುವ ಲೋಳೆಗೂಡಿನ ಜರಡಿಯಲ್ಲಿ ಹಾನ್ಸ್ ಲೋಹ್ಮನ್ ಕಂಡ. 1911ರಲ್ಲಿ ಅವುಗಳಿಗೆ 'ನ್ಯಾನೊಪ್ಲಾಂಕ್ಟನ್' ಎಂದು ಹೆಸರಿಟ್ಟ.

ಇನ್ನು ನಮ್ಮ 'ಪ್ಲವಕ'. ಸಂಸ್ಕೃತದ 'ಪ್ಲು' ಧಾತುವಿಗೆ ತೇಲು, ಈಜು, ನೆಗೆ ಎಂಬ ಅರ್ಥಗಳೆಲ್ಲ ಇವೆ. (ಕಪ್ಪೆ, ಕೋತಿ ಎರಡೂ 'ಪ್ಲವಗ'!) ಈಜಲಾರದ್ದನ್ನು ಈಜುವ ಧಾತುವಿನಿಂದ ಕರೆದದ್ದು ತುಸು ವಿಚಿತ್ರವೇ. ಆದರೂ ರೂಢಿಗೆ ಬಂದ ಪದವನ್ನು ಬದಲಿಸುವುದು ಬೇಡ. ವ್ಯಾಖ್ಯೆಯಲ್ಲಿ 'ಸೂಕ್ಷ್ಮ' ತೆಗೆದು 'ಪ್ರವಾಹದೊಡನೆ ಸಾಗುವ' ಎಂದು ಸೇರಿಸಿದರೆ ಸಾಕು.

ಇದು ಬರೀ ಪದದ ಜಗಳವೆನ್ನುವಿರಾ? ಕಮಲಾಪುರದ ಕಡೆಯ ಹಿರಿಯರನ್ನು ನಾರುಹುಣ್ಣಿನ ಬಗ್ಗೆ ವಿಚಾರಿಸಿ, ಕೆಲವರಿಗಾದರೂ ನೆನಪಿದ್ದೀತು. ಕಲಬುರಗಿಯೂ ಸೇರಿ ಉತ್ತರ ಕರ್ನಾಟಕದ ಜಿಲ್ಲೆಗಳನ್ನು ಕಾಡಿದ ಈ ಹುಳುವಿನ ಮರಿಗಳು ಮೆಟ್ಟಿಲುಬಾವಿಯ ನೀರಿನ ಸೈಕ್ಲಾಪ್ಸ್ ಮೂಲಕವೇ ಮನುಷ್ಯನ ಹೊಟ್ಟೆ ಸೇರುತ್ತಿದ್ದವು. ಸೈಕ್ಲಾಪ್ಸ್ ಸುಮಾರು ಒಂದು ಮಿಲಿಮೀಟರ್ ಉದ್ದ. ಹಾಗೆಂದೇ ನೀರನ್ನು ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿದರೆ ಅದು ಬಟ್ಟೆಯಲ್ಲೇ ಉಳಿಯುತ್ತಿತ್ತು. ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಪ್ರಮಾಣೀಕರಿಸಿತು.