ತೆಗೆಸದ ತೊಟ್ಟಿಯ ಹೆಮ್ಮೆ

ನಮ್ಮ ಊರುಗಳಲ್ಲಿ ಮನೆ ಕಟ್ಟಿಸಿದ ಗೃಹಸ್ಥರು ತಮ್ಮ ಸೆಪ್ಟಿಕ್ ಟ್ಯಾಂಕನ್ನು ಹೊಗಳಬೇಕಾದಾಗ ಆಡುವ ಮಾತು ಸಾಮಾನ್ಯವಾಗಿ ಒಂದೇ: ‘ಕಟ್ಟಿಸಿ ಇಪ್ಪತ್ತು ವರ್ಷವಾಯಿತು, ಒಮ್ಮೆಯೂ ತೆಗೆಸಿಲ್ಲ.’ ಆ ತೊಟ್ಟಿಯ ಮೇಲೆ ಹೊರಿಸಬಹುದಾದ ದೋಷಾರೋಪಣೆಗಳಲ್ಲಿ ಇದಕ್ಕಿಂತ ಕಠೋರವಾದುದು ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಮುರಾ ಎಂಬಾತನ ಕೈಯಲ್ಲಿ ರೂಪುಗೊಂಡು, 1890ರ ದಶಕದಲ್ಲಿ ಇಂಗ್ಲೆಂಡಿನ ಎಕ್ಸಿಟರ್ ನಗರದ ಡೊನಾಲ್ಡ್ ಕ್ಯಾಮರಾನನಿಂದ ಪ್ರಚಾರಕ್ಕೆ ಬಂದ ಈ ತೊಟ್ಟಿಯು ಮಲವನ್ನು ಮಾಯಮಾಡತಕ್ಕ ಯಂತ್ರವಲ್ಲ. ಹರಿದುಬಂದ ಕೊಳಚೆಯನ್ನು ಕೆಲಕಾಲ ನಿಶ್ಚಲವಾಗಿ ನಿಲ್ಲಿಸಿ, ಭಾರವಾದುದನ್ನು ತಳಕ್ಕೂ ಜಿಡ್ಡನ್ನು ಮೇಲಕ್ಕೂ ಬೇರ್ಪಡಿಸಿ, ಗಾಳಿಯಿಲ್ಲದೆ ಜೀವಿಸುವ ಸೂಕ್ಷ್ಮಾಣುಗಳಿಂದ ತಳದ ಕೆಸರಿನ ಒಂದಂಶವನ್ನು ಮಾತ್ರ ಜೀರ್ಣಗೊಳಿಸಿ, ನಡುವಣ ನೀರನ್ನು ಇಂಗುಗುಂಡಿಗೆ ಬಿಡುವುದಷ್ಟೆ ಅದರ ಕರ್ತವ್ಯ. ಜೀರ್ಣವಾಗದುದು ವರ್ಷ ವರ್ಷವೂ ಏರುವುದು; ಎರಡು ಮೂರು ವರ್ಷಗಳಿಗೊಮ್ಮೆ ಅದನ್ನು ತೆಗೆಸದಿದ್ದರೆ ಕೆಸರೇ ಹೊರಹರಿದು ಇಂಗುಗುಂಡಿಯ ಮಣ್ಣಿನ ರಂಧ್ರಗಳನ್ನು ಮುಚ್ಚುವುದು. ಆದಕಾರಣ ಇಪ್ಪತ್ತು ವರ್ಷವಾದರೂ ತುಂಬದ ತೊಟ್ಟಿ ತೊಟ್ಟಿಯೇ ಅಲ್ಲ: ತಳಕ್ಕೆ ಕಾಂಕ್ರೀಟು ಕಾಣದೆ, ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದಿಳಿಸಿ ಮಾಡಿದ ಸೋರುಗುಂಡಿ, ಇಲ್ಲವೇ ರಾತ್ರಿಯ ಮರೆಯಲ್ಲಿ ಬೀದಿಯ ಚರಂಡಿಗೆ ಪೈಪು ಸೇರಿಸಿಕೊಂಡ ಗುಟ್ಟಿನ ಏರ್ಪಾಡು.

ಸೋರಿದುದು ಎಲ್ಲಿಗೆ ಹೋಗುವುದೆಂಬುದನ್ನು ಕರಾವಳಿಯವರು ಬಲ್ಲರು, ಅಥವಾ ಬಲ್ಲವರಾಗಿರಬೇಕಿತ್ತು. ಅಲ್ಲಿಯ ಮುರಕಲ್ಲು ರಂಧ್ರಮಯವಾದುದು, ಬಾವಿಯೋ ಅದೇ ಹಿತ್ತಿಲಿನಲ್ಲಿ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ನಡುವೆ 18 ಮೀಟರ್ ಅಂತರವಿರತಕ್ಕದ್ದೆಂದು ಭಾರತೀಯ ಮಾನಕಗಳ ಸಂಹಿತೆ ವಿಧಿಸಿದೆ. ಮೂವತ್ತು ನಲವತ್ತರ ನಿವೇಶನವನ್ನು ಮೂಲೆಯಿಂದ ಮೂಲೆಗೆ ಅಳೆದರೂ ಐವತ್ತು ಅಡಿ, ಎಂದರೆ ಸುಮಾರು 15 ಮೀಟರ್ ಆಗುವುದರಿಂದ, ಅಂತಹ ನಿವೇಶನದಲ್ಲಿ ಬಾವಿಯನ್ನೂ ಇಂಗುಗುಂಡಿಯನ್ನೂ ಒಟ್ಟಿಗೆ ತೋಡುವ ಗೃಹಸ್ಥರು ರೇಖಾಗಣಿತವನ್ನೇ ಧಿಕ್ಕರಿಸಿದಂತಾಯಿತು.

ಇನ್ನು ಆರೈಕೆಯ ಹೆಸರಿನಲ್ಲಿ ನಡೆಯುವುದೇನು? ಒಳಗಿನ ಸೂಕ್ಷ್ಮಾಣುಗಳೇ ಕೂಲಿಯಿಲ್ಲದ ಕೆಲಸಗಾರರಾಗಿರಲು, ಶುಚಿತ್ವದ ಉತ್ಸಾಹದಲ್ಲಿ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಧಾರಾಳವಾಗಿ ಸುರಿದು ಅವುಗಳನ್ನೇ ಕೊಲ್ಲುವುದು. ಆಮೇಲೆ ಅಂಗಳ ಚೆಂದಕಾಣಲೆಂದು ಮುಚ್ಚಳದ ಮೇಲೆ ಟೈಲ್ಸ್ ಹಾಸುವುದು.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದ ನಾಡು ಇದು. ರಕ್ಷಣೆಯಿಲ್ಲದೆ ಮನುಷ್ಯನನ್ನು ಟ್ಯಾಂಕಿಗಿಳಿಸುವುದು 2013ರ ಕೇಂದ್ರ ಕಾಯಿದೆಯಂತೆ ಅಪರಾಧ; ಕೆಸರಿನಿಂದೇಳುವ ಹೈಡ್ರೋಜನ್ ಸಲ್ಫೈಡ್ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲುದು, ಎತ್ತಲಿಳಿದವನೂ ಅಲ್ಲಿಯೇ ಬೀಳುವನು. ಅಂತಹ ಸಾವುಗಳು ನಡೆದಾಗ ನಾವು ಗುತ್ತಿಗೆದಾರನನ್ನು ದೂಷಿಸುವೆವು. ವರ್ಷಾನುಗಟ್ಟಲೆ ತೆಗೆಸದೆ ಬಿಟ್ಟುದರಿಂದ ಕೆಸರು ಗಟ್ಟಿಗೊಂಡು, ಯಂತ್ರದ ಕೊಳವೆಯಿಂದ ಹೀರಲಾಗದೆ ಮನುಷ್ಯನ ಕೈಯನ್ನೇ ಬೇಡಿತೆಂಬ ಕಾರಣ ಹಲವು ವೇಳೆ ಮನೆಯ ಯಜಮಾನನ ಹೆಮ್ಮೆಯಲ್ಲಿಯೇ ಅಡಗಿರುವುದು.

ಸಕ್ಕಿಂಗ್ ಗಾಡಿ ಬಂದುಹೋದೊಡನೆ ಕೆಲಸ ಮುಗಿಯಿತೆಂದೂ ಹೇಳಲಾಗದು. ಹೀರಿದ ಕೆಸರನ್ನು ಸಂಸ್ಕರಿಸಿ ಗೊಬ್ಬರವಾಗಿಸುವ ಘಟಕವೊಂದು 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾಗಿ, ಸಣ್ಣ ಪಟ್ಟಣಕ್ಕೂ ಇದು ಸಾಧ್ಯವೆಂದು ತೋರಿಸಿತು. ಆದರೆ ಗಾಡಿಯ ಬಾಡಿಗೆಗಾಗಿ ಬಾಗಿಲಲ್ಲಿ ನಿಂತು ಚೌಕಾಸಿ ಮಾಡುವ ಗೃಹಸ್ಥರು, ಅದು ತಮ್ಮ ಗೇಟು ದಾಟಿದ ಮೇಲೆ ಘಟಕದ ಕಡೆಗೆ ತಿರುಗುವುದೋ ಊರಾಚೆಯ ಹಳ್ಳದ ಕಡೆಗೋ ಎಂದು ಚಾಲಕನನ್ನು ಕೇಳಿದುದನ್ನು ನಾನಿನ್ನೂ ಕಂಡಿಲ್ಲ.