ಕುರಿಗಾಹಿಯನ್ನು ತಿದ್ದುವವರು ಯಾರು? ಮಹಾ ಸಂತ ಗ್ರೆಗೋರಿಯವರ ‘ಪಾಲನಾ ನಿಯಮ’: ಒಂದು ವಿಮರ್ಶಾತ್ಮಕ ಓದು

ಗುರುದೀಕ್ಷೆಯ ಸಮಯದಲ್ಲಿ ನವಯಾಜಕರ ಕೈಸೇರುವ ಉಡುಗೊರೆಗಳಲ್ಲಿ ಪುಸ್ತಕಗಳಿಗೂ ಪಾಲುಂಟು. ಈಚಿನ ವರ್ಷಗಳಲ್ಲಿ ಅವುಗಳ ಪೈಕಿ ಹಲವು ನಾಯಕತ್ವದ ದೈನಂದಿನ ಪಾಠಗಳಾಗಿರುವುದನ್ನು ನಾವು ಗಮನಿಸಿದ್ದೇವೆ. ದಿನಕ್ಕೊಂದು ವಾಕ್ಯ, ಅದಕ್ಕೊಂದು ಕಿರುಕಥೆ, ಕೊನೆಯಲ್ಲಿ ಒಂದು ಸಂಕಲ್ಪ: ಇದು ಅವುಗಳ ಸಾಮಾನ್ಯ ರಚನೆ. ಇಂಥ ಪುಸ್ತಕಗಳು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. ಬೆಳಗಿನ ಜಪದ ನಂತರ ಒಂದು ಪುಟ ಓದಿ ದಿನದ ಕೆಲಸಕ್ಕೆ ಹೊರಡುವ ಯಾಜಕನಿಗೆ ಅವುಗಳಿಂದ ಒಂದಿಷ್ಟು ಬಲ ದೊರೆತಿರಬಹುದು. ಆದರೆ ಅವುಗಳ ಆಳದಲ್ಲಿ ಒಂದು ಪೂರ್ವಗ್ರಹಿಕೆ ಅಡಗಿದೆ. ಓದುಗನು ಈಗಾಗಲೇ ನಾಯಕ; ಅವನಿಗೆ ಕೊರತೆಯಾಗಿರುವುದು ಕೌಶಲ ಮಾತ್ರ; ಜನರು ಅವನ ಯಶಸ್ಸು ಪ್ರಕಟವಾಗುವ ಕ್ಷೇತ್ರ.

ನೆಹೆಮೀಯನನ್ನು ಈ ಪುಸ್ತಕಗಳು ಬಳಸಿಕೊಳ್ಳುವ ರೀತಿಯನ್ನೇ ನೋಡೋಣ. ಜೆರುಸಲೇಮಿನ ಗೋಡೆಯನ್ನು ಕಟ್ಟಿಸಿದ ಆತ ಯೋಜನೆ, ಕಾರ್ಯಹಂಚಿಕೆ, ಛಲ ಇವುಗಳ ಮಾದರಿಯಾಗುತ್ತಾನೆ. ಆದರೆ ಅದೇ ಗ್ರಂಥದ 5ನೆಯ ಅಧ್ಯಾಯದಲ್ಲಿ ಗೋಡೆಯ ಕೆಲಸದ ನಡುವೆ ಬಡವರ ಮೊರೆ ಏಳುತ್ತದೆ. ಸ್ವಜನರೇ ಸಾಲ ಕೊಟ್ಟು ಅವರ ಹೊಲ, ಮನೆ, ಮಕ್ಕಳನ್ನು ಅಡವಿಟ್ಟುಕೊಂಡಿದ್ದರು. ನೆಹೆಮೀಯನು ಇತರರನ್ನು ಗದರಿಸಿ ಸುಮ್ಮನಾಗುವುದಿಲ್ಲ. ತಾನೂ ತನ್ನ ಬಂಧುಗಳೂ ಸಾಲ ಕೊಟ್ಟವರ ಸಾಲಿನಲ್ಲಿದ್ದೇವೆಂದು ಸಭೆಯ ಮುಂದೆ ಒಪ್ಪಿಕೊಳ್ಳುತ್ತಾನೆ. ನಾವು ನೋಡಿದ ಪಾಠಪುಸ್ತಕಗಳಲ್ಲಿ ಈ ಭಾಗಕ್ಕೆ ಸ್ಥಾನ ದೊರೆತದ್ದು ವಿರಳ. ನಾಯಕನು ತನ್ನ ಜನರಿಂದ ತಿದ್ದಲ್ಪಡುವ ಘಟ್ಟವೇ ಬಿಟ್ಟುಹೋದರೆ ಉಳಿಯುವುದು ವಿಶ್ವಾಸದ ಪಾಠವಲ್ಲ, ಆಡಳಿತದ ಪಾಠ.

ಈ ಹಿನ್ನೆಲೆಯಲ್ಲಿ, ಇದೇ ವಿಷಯವನ್ನು ಕುರಿತು 1400 ವರ್ಷಗಳ ಹಿಂದೆ ಬರೆಯಲಾದ ಒಂದು ಗ್ರಂಥವನ್ನು ಮತ್ತೆ ಓದಬಯಸುತ್ತೇವೆ. ಮಹಾ ಸಂತ ಗ್ರೆಗೋರಿಯವರ ‘ಪಾಲನಾ ನಿಯಮ’ವನ್ನು ಸ್ತುತಿಸುವುದಷ್ಟೇ ನಮ್ಮ ಉದ್ದೇಶವಲ್ಲ. ಅದು ಎಲ್ಲಿ ನಮ್ಮನ್ನು ತಿದ್ದುತ್ತದೆ, ಎಲ್ಲಿ ನಾವು ಅದನ್ನು ಅದರ ಮಾತಿನಿಂದಲೇ ತಿದ್ದಿ ಓದಬೇಕಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಉದ್ದೇಶ.

ಅಂಜಿಕೆಯಿಂದ ಆರಂಭ

ಗ್ರೆಗೋರಿಯವರಿಗೆ ಆಡಳಿತದ ಅನುಭವದ ಕೊರತೆ ಇರಲಿಲ್ಲ. ಯಾಜಕ ಜೀವನಕ್ಕೆ ಮುನ್ನ ಅವರು ರೋಮ್ ನಗರದ ಮುಖ್ಯ ಆಡಳಿತಾಧಿಕಾರಿಯಾಗಿದ್ದವರು. ಬಳಿಕ ಚೇಲಿಯೋ ಗುಡ್ಡದ ಮೇಲಿದ್ದ ತಮ್ಮ ಮನೆಯನ್ನೇ ಮಠವನ್ನಾಗಿಸಿ ಸನ್ಯಾಸಿಯಾದರು. ಮುಂದೆ ಜಗದ್ಗುರುವಿನ ಪ್ರತಿನಿಧಿಯಾಗಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೆಲವು ವರ್ಷ ಕಳೆದರು. 590ರಲ್ಲಿ ಎರಡನೆಯ ಪೆಲಾಜಿಯುಸ್ ಪ್ಲೇಗಿಗೆ ಬಲಿಯಾದಾಗ ಆ ಪೀಠಕ್ಕೆ ಇವರೇ ಆಯ್ಕೆಯಾದರು. ಹೊಣೆಯಿಂದ ತಪ್ಪಿಸಿಕೊಳ್ಳಲೆತ್ನಿಸಿದ್ದಕ್ಕಾಗಿ ಯೊವಾನ್ನ ಎಂಬ ಧರ್ಮಾಧ್ಯಕ್ಷರು ಅವರನ್ನು ಮೃದುವಾಗಿ ಆಕ್ಷೇಪಿಸಿದರು. ಈತ ರವೆನ್ನಾದ ಧರ್ಮಾಧ್ಯಕ್ಷರೆಂಬುದು ಸಾಮಾನ್ಯ ಅಭಿಪ್ರಾಯ. ಆ ಆಕ್ಷೇಪಣೆಗೆ ಕೊಟ್ಟ ಉತ್ತರವೇ ‘ಪಾಲನಾ ನಿಯಮ’. ಈ ಗ್ರಂಥ ಹುಟ್ಟಿದ್ದೇ ಒಬ್ಬ ಸಹೋದರನ ತಿದ್ದುಪಡಿಯಿಂದ ಎಂಬುದು ನಮ್ಮ ವಾದಕ್ಕೆ ಮುಖ್ಯ.

ಗ್ರಂಥಕ್ಕೆ ನಾಲ್ಕು ಭಾಗಗಳಿವೆ: ಪಾಲನೆಯ ಹೊಣೆಗೆ ಹೇಗೆ ಬರಬೇಕು, ಬಂದವನು ಹೇಗೆ ಬಾಳಬೇಕು, ಬಾಳುವವನು ಹೇಗೆ ಬೋಧಿಸಬೇಕು, ಬೋಧಿಸಿದವನು ತನ್ನೆಡೆಗೆ ಹೇಗೆ ಮರಳಬೇಕು. ಮೊದಲ ಭಾಗದುದ್ದಕ್ಕೂ ಹರಡಿರುವುದು ಅಂಜಿಕೆ. ದೇಹದ ರೋಗ ತಿಳಿಯದವನು ವೈದ್ಯನಾಗಲು ನಾಚುವಾಗ, ಆತ್ಮದ ಗಾಯಗಳನ್ನು ಅರಿಯದವನು ಅದರ ವೈದ್ಯನಾಗಲು ಹೇಗೆ ಮುನ್ನುಗ್ಗುತ್ತಾನೆ ಎಂದು ಅವರು ಕೇಳುತ್ತಾರೆ. ಧರ್ಮಾಧ್ಯಕ್ಷನ ಸೇವೆಯನ್ನು ಬಯಸುವವನು ಒಳ್ಳೆಯ ಕಾರ್ಯವನ್ನೇ ಬಯಸುತ್ತಾನೆಂಬ ಪೌಲನ ಮಾತನ್ನು ಆಕಾಂಕ್ಷಿಗಳು ಉದಾಹರಿಸಿದರೆ, ಆ ಕಾಲದಲ್ಲಿ ಸಭೆಯ ಮುಂದಾಳು ರಕ್ತಸಾಕ್ಷಿಯಾಗುವುದರಲ್ಲಿಯೂ ಮೊದಲಿಗನಾಗಿದ್ದನೆಂದು ನೆನಪಿಸುತ್ತಾರೆ.

ಆದರೂ ಅಂಜಿಕೆಯೇ ಪುಣ್ಯವೆಂದು ಅವರು ಹೇಳುವುದಿಲ್ಲ. ವರಗಳಿದ್ದೂ ಏಕಾಂತದ ಸುಖಕ್ಕಾಗಿ ಸೇವೆಯನ್ನು ನಿರಾಕರಿಸುವವರನ್ನು ಅಷ್ಟೇ ಕಟುವಾಗಿ ಪ್ರಶ್ನಿಸುತ್ತಾರೆ. ಯೆಶಾಯನು ತಾನಾಗಿ ಮುಂದೆ ಬಂದ, ಯೆರೆಮೀಯನು ಹಿಂಜರಿದ. ಇಬ್ಬರ ನಡೆಯೂ ಪ್ರೀತಿಯಿಂದಲೇ ಹೊಮ್ಮಿತು, ಒಂದು ನೆರೆಯವನ ಪ್ರೀತಿಯಿಂದ, ಇನ್ನೊಂದು ದೇವರ ಪ್ರೀತಿಯಿಂದ ಎಂಬುದು ಅವರ ವ್ಯಾಖ್ಯಾನ. ಪದವಿಯನ್ನು ‘ಬೆಳವಣಿಗೆ’ಯ ಮುಂದಿನ ಮೆಟ್ಟಿಲೆಂದು ಎಣಿಸುವ ಮನೋಧರ್ಮಕ್ಕೆ ಇಲ್ಲಿ ಎಡೆಯೇ ಇಲ್ಲ.

ಒಂದೇ ಬೋಧನೆ, ಹಲವು ಹೃದಯ

ಮೂರನೆಯ ಭಾಗ ಗ್ರಂಥದ ಬಹುಪಾಲನ್ನು ಆವರಿಸಿದೆ. ಬಡವರು ಮತ್ತು ಸಿರಿವಂತರು, ನಲಿಯುವವರು ಮತ್ತು ದುಃಖಿಗಳು, ಮೌನಿಗಳು ಮತ್ತು ವಾಚಾಳಿಗಳು, ಅಳುಕುವವರು ಮತ್ತು ದಾರ್ಷ್ಟ್ಯದವರು: ಹೀಗೆ ಜೋಡಿ ಜೋಡಿಯಾಗಿ ಯಾರಿಗೆ ಯಾವ ಬುದ್ಧಿಮಾತು ಎಂಬುದನ್ನು ವಿವರಿಸುತ್ತಾರೆ. ಒಂದು ಪ್ರಾಣಿಗೆ ಆಹಾರವಾಗುವ ಸೊಪ್ಪು ಇನ್ನೊಂದಕ್ಕೆ ವಿಷವಾಗುತ್ತದೆ. ವಾದ್ಯದ ತಂತಿಗಳನ್ನು ಮೀಟುವ ಕಡ್ಡಿ ಒಂದೇ, ಮೀಟುವ ಬಗೆ ಬೇರೆ ಬೇರೆ. ತತ್ವ ಒಂದೇ ಆಗಿರಬೇಕು, ಉಪದೇಶ ಒಂದೇ ಆಗಿರಲಾಗದು.

ಇದನ್ನು ನಾವು ಗುರುಮಠದ ತರಗತಿಯಲ್ಲಿ ಓದಿದ್ದೆವು. ಕಲಿತದ್ದು ಮಾತ್ರ ಬೇರೆಡೆ. ಸಹಾಯಕ ಗುರುವಾಗಿದ್ದ ಮೊದಲ ವರ್ಷ, ಒಂದು ಹಳ್ಳಿಯಲ್ಲಿ ಮರಣಪೂಜೆಯ ವೇಳೆ, ವೃದ್ಧ ತಂದೆತಾಯಿಯರ ಬಗ್ಗೆ ಮಕ್ಕಳ ಕರ್ತವ್ಯವನ್ನು ಕುರಿತು ಪ್ರಬೋಧನೆ ನೀಡಿದೆವು. ಅದು ಮೊದಲೇ ಬರೆದಿಟ್ಟುಕೊಂಡಿದ್ದ ಪ್ರಬೋಧನೆ. ಚೆನ್ನಾಗಿಯೇ ಮೂಡಿಬಂದಿತೆಂದು ನಮಗನಿಸಿತ್ತು. ಸಂಜೆ ಆ ಊರಿನ ಹಿರಿಯ ಉಪದೇಶಿ ಬಂದು ಬಾಗಿಲ ಬಳಿ ನಿಂತರು. “ಸ್ವಾಮಿ, ತಪ್ಪು ತಿಳಿಯಬೇಡಿ. ಆ ಮಗ ಎರಡು ವರ್ಷ ತಾಯಿಯನ್ನು ಎತ್ತಿ ಆಡಿಸಿದ್ದಾನೆ, ಕೂಲಿಯನ್ನೂ ಬಿಟ್ಟು. ಇವತ್ತು ಊರವರ ಮುಂದೆ ತಲೆ ತಗ್ಗಿಸಿ ಕೂತಿದ್ದ. ನೀವು ಪೂಜೆಗೆ ಮೊದಲು ಒಂದು ಮಾತು ಕೇಳಿದ್ದರೆ ನಾನು ಹೇಳುತ್ತಿದ್ದೆ” ಎಂದರು. ನಮಗೆ ಮೊದಲು ಬಂದದ್ದು ಕೋಪ. ಮರುದಿನ ಆ ಮನೆಗೆ ಹೋದೆವು. ಗ್ರೆಗೋರಿಯವರ ಮೂರನೆಯ ಭಾಗದ ಸಾರವನ್ನು ನಮಗೆ ತಿಳಿಸಿದವರು, ಅವರ ಹೆಸರನ್ನೇ ಕೇಳಿರದ ಆ ಉಪದೇಶಿ.

ಸೌಲನ ನಿಲುವಂಗಿ

ಇಲ್ಲಿಗೆ ನಮ್ಮ ಮುಖ್ಯ ಆಕ್ಷೇಪಣೆಗೆ ಬರುತ್ತೇವೆ. ಅದೇ ಮೂರನೆಯ ಭಾಗದ 4ನೆಯ ಅಧ್ಯಾಯದಲ್ಲಿ ಅಧೀನರಿಗೆ ನೀಡುವ ಬುದ್ಧಿಮಾತೊಂದಿದೆ. ಗುಹೆಯಲ್ಲಿ ದಾವೀದನು ಸೌಲನ ನಿಲುವಂಗಿಯ ಅಂಚನ್ನು ಮೆಲ್ಲನೆ ಕತ್ತರಿಸಿದ. ಅಷ್ಟಕ್ಕೇ ಅವನ ಮನಸ್ಸು ಅವನನ್ನು ಚುಚ್ಚಿತು. ಅಂತೆಯೇ, ಮೇಲಿನವರಲ್ಲಿ ನಿಂದಾರ್ಹವಾದುದು ಕಂಡರೂ ಅಧೀನರು ನಾಲಿಗೆಯೆಂಬ ಕತ್ತಿಯಿಂದ ಅವರನ್ನು ಇರಿಯಬಾರದೆಂದು ಗ್ರೆಗೋರಿ ಬೋಧಿಸುತ್ತಾರೆ. ದುಡುಕಿನ ತೀರ್ಪನ್ನು ತಡೆಯುವುದು ಅವರ ಉದ್ದೇಶ. ಚಾಡಿಯಿಂದ ಒಡೆದ ಧರ್ಮಕೇಂದ್ರಗಳನ್ನು ಕಂಡವರು ಈ ಎಚ್ಚರಿಕೆಯನ್ನು ಹಗುರವಾಗಿ ತಳ್ಳಿಹಾಕಲಾರರು.

ಆದರೆ ಇಂದು ಈ ಅಧ್ಯಾಯವನ್ನು ಹಾಗೆಯೇ ಬೋಧಿಸಲು ನಮ್ಮಿಂದಾಗದು. ಎಳೆಯರ ಮೇಲೂ ದುರ್ಬಲರ ಮೇಲೂ ನಡೆದ ದೌರ್ಜನ್ಯಗಳು ಹಲವು ದೇಶಗಳ ಧರ್ಮಸಭೆಯಲ್ಲಿ ದಶಕಗಳ ಕಾಲ ಮುಚ್ಚಿಹೋದದ್ದಕ್ಕೆ, ಅಭಿಷಿಕ್ತನ ವಿರುದ್ಧ ಮಾತನಾಡಬಾರದೆಂಬ ಭಯಭಕ್ತಿಯೂ ಒಂದು ಕಾರಣವಾಗಿತ್ತು. ಗಾಯಗೊಂಡವನ ಮೊರೆಯನ್ನು ನಿಲುವಂಗಿ ಕತ್ತರಿಸುವ ಕೃತ್ಯವೆಂದು ಎಣಿಸಿದಾಗ, ನಾವು ಸೌಲನನ್ನು ಉಳಿಸಿ ದಾವೀದನನ್ನು ಮತ್ತೆ ಕಾಡಿಗೆ ಅಟ್ಟಿದಂತಾಗುತ್ತದೆ.

ಗ್ರೆಗೋರಿಯವರನ್ನು ತಿದ್ದಲು ಬೇಕಾದ ಆಧಾರ ಗ್ರೆಗೋರಿಯವರಲ್ಲೇ ಇದೆ. ಎರಡನೆಯ ಭಾಗದ 8ನೆಯ ಅಧ್ಯಾಯದಲ್ಲಿ, ಜನರ ಮೆಚ್ಚುಗೆಯನ್ನು ಬಯಸುವ ಪಾಲಕನ ಆತ್ಮಮೋಹವನ್ನು ಅವರು ಖಂಡಿಸುತ್ತಾರೆ. ಅಧೀನರು ಸರಿಯಾದುದನ್ನು ಮುಕ್ತವಾಗಿ ಹೇಳಿದಾಗ ಅದನ್ನು ವಿನಯದ ಸೇವೆಯೆಂದು ಸ್ವೀಕರಿಸಬೇಕೆನ್ನುತ್ತಾರೆ. ಪೌಲನ ಆಕ್ಷೇಪಣೆಯನ್ನು ಪೇತ್ರನು ಸಂತೋಷದಿಂದ ಒಪ್ಪಿಕೊಂಡ. ಪ್ರಜೆಯಾದ ನಾತಾನನ ಗದರಿಕೆಗೆ ದಾವೀದನು ತಲೆಬಾಗಿದ. ರೋಮಿನ ಪೀಠದಲ್ಲಿ ಕುಳಿತವರು ಪೇತ್ರನ ಈ ಪ್ರಸಂಗವನ್ನೇ ಆರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ನಮ್ಮ ತೀರ್ಮಾನವಿಷ್ಟು: ಸೌಲನ ನಿಲುವಂಗಿಯ ಅಧ್ಯಾಯವನ್ನು ನಾತಾನನ ಅಧ್ಯಾಯದ ಅಡಿಯಲ್ಲಿಟ್ಟು ಓದಬೇಕು, ತಿರುಗುಮುರುಗಾಗಿ ಅಲ್ಲ. ತಿದ್ದುವವನಿಗೆ ವಿನಯ ಬೇಕು, ನಿಜ. ಆದರೆ ಕೇಳಿಸಿಕೊಳ್ಳುವ ಹೊಣೆ ಮೊದಲು ಪಾಲಕನದು.

ಆದರೂ ಒಂದು ಕೊರತೆ ಉಳಿಯುತ್ತದೆ. ತಿದ್ದುಪಡಿಯನ್ನು ಗ್ರೆಗೋರಿ ಪಾಲಕನ ಸದ್ಗುಣಕ್ಕೆ ಬಿಟ್ಟುಕೊಡುತ್ತಾರೆ. ಪಾಲಕನಲ್ಲಿ ಆ ಗುಣವಿಲ್ಲದಿದ್ದರೆ ಅಧೀನನು ಎಲ್ಲಿಗೆ ಹೋಗಬೇಕು? ಇದಕ್ಕೆ ಧರ್ಮಸಭೆ ಉತ್ತರ ಕಂಡುಕೊಂಡದ್ದು ನಿಧಾನವಾಗಿ. 1983ರ ಧರ್ಮಸಭಾ ಕಾನೂನು ಸಂಹಿತೆಯ 212ನೆಯ ವಿಧಿಯು, ಸಭೆಯ ಹಿತಕ್ಕೆ ಸಂಬಂಧಿಸಿದ ವಿಷಯಗಳಲ್ಲಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಎನ್ನುತ್ತದೆ. 537ನೆಯ ವಿಧಿಯು ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿಯನ್ನು ಕಡ್ಡಾಯಗೊಳಿಸಿದೆ. ಜಗದ್ಗುರು ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ಯು ಲೈಂಗಿಕ ದೌರ್ಜನ್ಯವನ್ನೂ ಅದನ್ನು ಮುಚ್ಚಿಹಾಕುವುದನ್ನೂ ವರದಿ ಮಾಡುವ ಹೊಣೆಯನ್ನು ಯಾಜಕರ ಮತ್ತು ಧಾರ್ಮಿಕರ ಮೇಲೆ ಹೊರಿಸಿದೆ. ಇವು ಗ್ರೆಗೋರಿಯವರ ಅಧ್ಯಾತ್ಮಕ್ಕೆ ಹೊರಗಿನಿಂದ ಅಂಟಿಸಿದ ನಿಯಮಗಳಲ್ಲ. ಅವರು ಸದ್ಗುಣವಾಗಿ ಬಯಸಿದ್ದನ್ನು ವ್ಯವಸ್ಥೆಯಾಗಿಸಿದ ಪ್ರಯತ್ನಗಳು.

ಇನ್ನೊಂದು ಮಿತಿಯನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ. ಯಾಜಕಕಾಂಡದಲ್ಲಿ ಹೇಳಿರುವ ದೇಹದ ಊನಗಳನ್ನು ಮೊದಲ ಭಾಗವು ಆತ್ಮದ ದೋಷಗಳ ಸಂಕೇತವಾಗಿ ಓದುತ್ತದೆ. ಕುರುಡು, ಕುಂಟು ಎಂಬುವನ್ನು ಪಾಪದ ಹೆಸರಾಗಿಸಿ ಅಂಗವಿಕಲರ ಮುಂದೆ ಪ್ರಬೋಧಿಸುವುದು ಇಂದು ಸಲ್ಲದು. ಕೇಳುಗನನ್ನು ಅರಿತು ಮಾತಾಡಬೇಕೆಂಬ ಅವರ ಸ್ವಂತ ನಿಯಮವೇ ಅದನ್ನು ತಡೆಯುತ್ತದೆ.

ಕೊನೆಯ ಭಾಗ

ನಾಲ್ಕನೆಯ ಭಾಗಕ್ಕೆ ಒಂದೇ ಅಧ್ಯಾಯ. ಚೆನ್ನಾಗಿ ಬೋಧಿಸಿದ ದಿನವೇ ಅಪಾಯದ ದಿನವೆಂದು ಗ್ರೆಗೋರಿ ಅಲ್ಲಿ ಎಚ್ಚರಿಸುತ್ತಾರೆ. ಇತರರ ಗಾಯಕ್ಕೆ ಮದ್ದು ಹಚ್ಚಿದವನು ತನ್ನ ಆರೋಗ್ಯವನ್ನು ಮರೆಯುತ್ತಾನೆ. ಆದ್ದರಿಂದ ಸಾಧಿಸಿದ ಒಳಿತಿಗಿಂತ ಬಿಟ್ಟುಬಿಟ್ಟ ಒಳಿತಿನ ಕಡೆಗೆ ಕಣ್ಣು ತಿರುಗಬೇಕು. ಬಳಿಕ ತಾವು ಒಬ್ಬ ಸುಂದರ ವ್ಯಕ್ತಿಯ ಚಿತ್ರ ಬರೆದ ಕುರೂಪಿ ಚಿತ್ರಕಾರನೆಂದು ಒಪ್ಪಿಕೊಂಡು, ತಮ್ಮನ್ನು ಆಕ್ಷೇಪಿಸಿದ್ದ ಯೊವಾನ್ನರನ್ನೇ ಬೇಡುತ್ತಾರೆ: ಈ ಬದುಕಿನ ಹಡಗು ಒಡೆದು ಮುಳುಗುತ್ತಿರುವ ತಮಗೆ ಪ್ರಾರ್ಥನೆಯ ಹಲಗೆಯೊಂದನ್ನು ಚಾಚಬೇಕೆಂದು. ಮುಂದೆ ಶತಮಾನಗಳ ಕಾಲ ಧರ್ಮಾಧ್ಯಕ್ಷರ ಕೈಪಿಡಿಯಾದ, ಇಂಗ್ಲೆಂಡಿನ ದೊರೆ ಆಲ್ಫ್ರೆಡ್ ತಾನೇ ಅನುವಾದಕ್ಕೆ ಕೈಹಾಕಿದ ಈ ಗ್ರಂಥ ಮುಗಿಯುವುದು ಇಂಥ ಬೇಡಿಕೆಯಿಂದ.

ನಮ್ಮ ಗುರುಮಠಗಳಲ್ಲಿ ಎರಡನೆಯ ಮತ್ತು ಮೂರನೆಯ ಭಾಗಗಳ ವಿಷಯಕ್ಕೆ, ಅಂದರೆ ಯಾಜಕನ ಜೀವನಕ್ಕೂ ಪ್ರಬೋಧನ ಕಲೆಗೂ, ಸಾಕಷ್ಟು ಗಂಟೆಗಳು ಮೀಸಲಾಗಿವೆ. ಮೊದಲ ಮತ್ತು ಕೊನೆಯ ಭಾಗಗಳನ್ನು ವಾರ್ಷಿಕ ಧ್ಯಾನಕೂಟಕ್ಕೆ ಬಿಟ್ಟುಬಿಡುತ್ತೇವೆ. ಈ ಅನುಕ್ರಮವನ್ನು ಬದಲಿಸಬಹುದು. ಸೇವಾನುಭವಕ್ಕೆ ಹೋಗಿಬರುವ ಗುರುಅಭ್ಯರ್ಥಿಯ ಮೌಲ್ಯಮಾಪನವನ್ನು ಧರ್ಮಕೇಂದ್ರದ ಗುರುಗಳಿಂದ ಮಾತ್ರವಲ್ಲದೆ ಅಲ್ಲಿನ ಉಪದೇಶಿ, ಧರ್ಮೋಪದೇಶ ಕಲಿಸುವ ಮಹಿಳೆಯರು, ಗಾಯನವೃಂದದ ಯುವಜನ ಇವರಿಂದಲೂ ಕೇಳಿ ಪಡೆಯಬಹುದು. ದೀಕ್ಷೆ ಪಡೆದ ನಾವು ವಾರಕ್ಕೊಮ್ಮೆಯಾದರೂ ಒಬ್ಬ ವಿಶ್ವಾಸಿಯನ್ನು ಕೂರಿಸಿಕೊಂಡು, ಭಾನುವಾರದ ಮಾತು ಅವರ ಮನೆಗೆ ಹೇಗೆ ತಲುಪಿತೆಂದು ವಿಚಾರಿಸಬಹುದು. ಇವು ಚಿಕ್ಕ ಕೆಲಸಗಳು. ದೈನಂದಿನ ಪಾಠವೆಂದರೆ ಇವೇ.

ಆ ಉಪದೇಶಿ ಈಗಿಲ್ಲ. ಅಂದು ಬಾಗಿಲಲ್ಲಿ ನಿಂತೇ ಮಾತಾಡಿ ಹೋದರು. ಒಳಗೆ ಬನ್ನಿ, ಕುಳಿತುಕೊಳ್ಳಿ ಎಂದು ನಾವು ಅವರನ್ನು ಕರೆಯಲಿಲ್ಲ.